ಕುಸುಬಿ ಎಲೆ ಮತ್ತು ಅಕ್ಕೋರ ಸೀಟಿ

ಆ ಹುಡುಗಿಯ ಬುತ್ತಿ ಕಂಡರೆ ನನಗೆ ಆಗುತ್ತಿರಲಿಲ್ಲ. ಮುಧೋಳದಲ್ಲಿ ಇಬ್ಬರೂ ನಾಲ್ಕನೆಯ ಇಯತ್ತೆ ಓದುತ್ತಿದ್ದೆವು. ನಮ್ಮಪ್ಪ ಕಚೇರಿಯಲ್ಲಿ ಗುಮಾಸ್ತ. ಅವಳ ಮನೆಯವರು ಕುರಿ ಸಾಕುವವರು, ಊರ ಹೊರಗೆ ರಸ್ತೆಗೆ ಹತ್ತಿಕೊಂಡು ಒಂದು ಹೊಲ. ನನ್ನದು ಸ್ಟೀಲಿನ ಡಬ್ಬಿ, ಒಳಗೆ ತುಪ್ಪ ಸಕ್ಕರೆ ಸವರಿದ ಚಪಾತಿ. ಅವಳದು ಅರಿವೆಯ ಗಂಟು. ಮೂರು ವರ್ಷ ಇಡೀ ವರ್ಗ ನನ್ನ ಡಬ್ಬಿಯನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

ಆ ವರ್ಷ ಪಾಠ ಹೇಳಲು ಹೊಸ ಅಕ್ಕೋರು ಬಂದು ಎಲ್ಲ ತಲೆಕೆಳಗು ಮಾಡಿದರು. ಮಕ್ಕಳು ಕೂತಲ್ಲೇ ಕೂತು ಜಡ್ಡುಗಟ್ಟಬಾರದೆಂದು ಮಗ್ಗಿಯನ್ನು ಬಸ್ಕಿ ಹೊಡೆಯುತ್ತ ಹೇಳಿಸಿದರು. ಮಧ್ಯಾಹ್ನ ಎಲ್ಲರ ಬುತ್ತಿ ಬಿಚ್ಚಿಸಿ, ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ರುಚಿ ನೋಡುತ್ತಿದ್ದರು. ಶುಕ್ರವಾರ, ಯಾರ ಬುತ್ತಿ ಮೈಗೆ ಒಳ್ಳೆಯದೋ ಅವರ ಕೊರಳಿಗೆ ತಮ್ಮ ಹಿತ್ತಾಳೆಯ ಸೀಟಿ ಹಾಕುತ್ತಿದ್ದರು. ಮುಂದಿನ ವಾರವೆಲ್ಲ ಗೆದ್ದವರು ಊದಿದಂತೆ ನಾವು ಏಳಬೇಕು, ಕೂಡಬೇಕು.

ಸೀಟಿ ಬಿಡದೆ ನಾಲ್ಕು ವಾರ ಅವಳಿಗೇ ಹೋಯಿತು. ಜೋಳದ ರೊಟ್ಟಿ, ಮೊಳಕೆಯೊಡೆದ ಹೆಸರು, ಶೇಂಗಾ ಚಟ್ನಿ ಹಿಂಡಿ, ಮೇಲೊಂದು ಹಿಡಿ ಎಳೆಯ ಕುಸುಬಿ ಇಲ್ಲವೇ ಹಕ್ಕರಕಿ ಸೊಪ್ಪು. ಕುರಿ ಕಾಯುವವಳು ಸೀಟಿ ಊದುವುದು, ಗುಮಾಸ್ತರ ಮಗಳು ಬಸ್ಕಿ ಹೊಡೆಯುವುದು! ಹೊಟ್ಟೆ ಉರಿದು ಹೋಗುತ್ತಿತ್ತು. ನನ್ನ ಡಬ್ಬಿ ನೋಡಿ ಅಕ್ಕೋರದು ದಿನಾ ಒಂದೇ ಮಾತು: "ಇದರಾಗ ಹಸರ ಎಲ್ಲೈತಿ?"

ಅವ್ವನಿಗೆ ಹೇಳಿದೆ. ಹಸಿ ಸೊಪ್ಪು ಮೇಯಲು ನೀನೇನು ಆಡೇ ಎಂದು ಅವಳು ನಕ್ಕುಬಿಟ್ಟಳು. ಗುರುವಾರ ಸಂಜೆ ಯಾರಿಗೂ ಹೇಳದೆ ಆ ಹುಡುಗಿಯ ಹೊಲಕ್ಕೇ ನುಗ್ಗಿದೆ. ಸಂಕ್ರಾಂತಿ ಮುಗಿದಿತ್ತು, ಕುಸುಬಿ ಸೊಂಟದೆತ್ತರ ನಿಂತಿತ್ತು. ಅವಳದಕ್ಕಿಂತ ನನ್ನದು ಹೆಚ್ಚಾಗಬೇಕೆಂದು ದೊಡ್ಡ ದೊಡ್ಡ ಎಲೆಗಳನ್ನೇ ಆರಿಸಿ ಕಿತ್ತೆ. ಬೆರಳಿಗೆ ಮುಳ್ಳು ಚುಚ್ಚಿತು. ಸಣ್ಣಗೆ ಹೆಚ್ಚಿದರೆ ಮುಳ್ಳೆಲ್ಲಿ ಉಳಿದೀತು ಎಂದುಕೊಂಡೆ. ಬೆಳಗ್ಗೆ ಅವ್ವ ದೇವರ ಮುಂದೆ ಕೂತಾಗ ಈಳಿಗೆಯಲ್ಲಿ ಹೆಚ್ಚಿ, ಉಳ್ಳಾಗಡ್ಡಿ, ಮೊಸರು ಕಲಸಿ ಡಬ್ಬಿ ತುಂಬಿದೆ.

ಮಧ್ಯಾಹ್ನ ಅಕ್ಕೋರು ಖುಷಿಯಿಂದ ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಮರುಕ್ಷಣ ಅಂಗೈಗೆ ಉಗುಳಿದರು. ನಾಲಗೆಯಲ್ಲಿ ರಕ್ತ. ಬಲಿತ ಕುಸುಬಿಯನ್ನು ಕುರಿಯೂ ಮೂಸುವುದಿಲ್ಲವೆಂದು ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಎಲ್ಲಿಂದ ತಂದೆ ಎಂದು ಅಕ್ಕೋರು ಕೇಳಿದರು. ಮುಧೋಳದ ಪೇಟೆ ಮನೆಯಲ್ಲಿ ಕುಸುಬಿ ಎಲ್ಲಿ ಬೆಳೆಯುತ್ತದೆ? ಕದ್ದೆ ಎಂದು ಹೇಳುವುದೊಂದೇ ಉಳಿದಿತ್ತು.

ಆಗ ಆ ಹುಡುಗಿ ಎದ್ದು ನಿಂತಳು. ನನ್ನ ಕೈಬೆರಳ ಗೀರುಗಳನ್ನು ಒಮ್ಮೆ ನೋಡಿದಳು.

"ನಮ್ಮ ಹೊಲದ್ದು ರೀ. ನಾನ ಹರದ ಕೊಟ್ಟೇನ್ರಿ. ತಪ್ಪಾತು."

ಅಕ್ಕೋರು ಅವಳ ಕೊರಳಿಂದ ಸೀಟಿ ತೆಗೆದು, ಪಾಪ, ಈಕೆಯಾದರೂ ಮನಸ್ಸು ಮಾಡಿ ತಂದಳಲ್ಲ ಎನ್ನುತ್ತ ನನ್ನ ಕೊರಳಿಗೆ ಹಾಕಿದರು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಜಾಗಕ್ಕೆ ಹೋಗಿ ಕೂತೆ.

ಸೋಮವಾರ ಸೀಟಿ ಊದಿದೆ. ಅವಳು ಕೊನೆಯ ಸಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಸ್ಕಿ ಹೊಡೆದಳು. ಅದನ್ನು ನೋಡಿ ಮತ್ತೆ ಹೊಟ್ಟೆ ಉರಿಯಿತು. ಸುಳ್ಳನ್ನೂ ನನಗಿಂತ ಚೆನ್ನಾಗಿ ಹೇಳಿದ್ದಳು, ಅದೂ ನನಗಾಗಿ. ಕದ್ದದ್ದಕ್ಕಿಂತ ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ನೀರು ಕುಡಿಯುವಲ್ಲಿ ಪಕ್ಕಕ್ಕೆ ಬಂದಳು. "ದೊಡ್ಡ ಎಲಿ ಹರೀಬಾರದಲೇ. ಎಳೀದು ಇದ್ದಾಗ ಕುಡಿ ಚಿವುಟಬೇಕು. ಹಕ್ಕರಕಿ ಇನ್ನೂ ಐತಿ, ನಾಳೆ ಬಾ, ತೋರಸ್ತೀನಿ."

ನಾನು ಹೋಗಲಿಲ್ಲ. ಆ ವಾರ ಮನೆಯಲ್ಲಿ ಮಲಗುವಾಗಲೂ ಸೀಟಿಯನ್ನು ಕೊರಳಿಂದ ತೆಗೆಯಲಿಲ್ಲ.