ಎಲ್ಲರಿಗೂ ಮಿತಿ ಹಾಕಿದ ಅತ್ತೆಯವರು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಸೇವಾವಧಿಯನ್ನೆಲ್ಲ ಕಳೆದವರಿಗೆ ಅಭಿನಂದನ ಸಂಪುಟ ಬರುವುದು ಅಪರೂಪ. ವೈದ್ಯರ ಹೆಸರು ರೋಗಿಗಳ ನಾಲಿಗೆಯ ಮೇಲಿರುತ್ತದೆ. ವೈದ್ಯರು ನೋಡುವ ವರದಿ ಯಾವ ಯಂತ್ರದಿಂದ ಬಂತು, ಆ ಯಂತ್ರವನ್ನು ಕಾಯ್ದವರು ಯಾರು ಎಂದು ವಿಚಾರಿಸುವವರಿಲ್ಲ. ನಮ್ಮ ಲಿನಕ್ಸ್ ಸರ್ವರುಗಳನ್ನು ಅಂಥ ಮರೆಯಲ್ಲಿ ನಿಂತು ಕಾಯ್ದು, ಈಗ ನಿವೃತ್ತರಾಗುತ್ತಿರುವ ಹಿರಿಯರನ್ನು ವಿಭಾಗವೆಲ್ಲ ಕರೆಯುವುದು ‘ಅತ್ತೆ’ ಎಂದೇ.

ಹೆಸರು ಸುಮ್ಮನೆ ಬಂದದ್ದಲ್ಲ. ಒಬ್ಬ ಬಳಕೆದಾರ ಒಂದೇ ಹೊತ್ತಿಗೆ ಎಷ್ಟು ಕಡತ ತೆರೆಯಬಹುದು, ಎಷ್ಟು ಮೆಮೊರಿ ನುಂಗಬಹುದು ಎಂಬುದಕ್ಕೆಲ್ಲ ಅವರು ಮಿತಿ ಹಾಕುತ್ತಿದ್ದರು. ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ ಎಂದು ಗೊಣಗಿದ ಪ್ರೋಗ್ರಾಮರುಗಳೇ ಈ ನಾಮಕರಣ ಮಾಡಿದ್ದು. ಅವರು ಬೇಸರಿಸಲಿಲ್ಲ. “ಒಬ್ರೇ ಎಲ್ಲಾ ಬಡಿಸ್ಕೊಂಡ್ರೆ ಕೊನೇಲಿ ಕೂತವ್ರಿಗೆ ಏನು ಉಳಿಯುತ್ತೆ?” ಎಂದು ಕೇಳಿ, ಅತ್ತೆಯಾಗಿಯೇ ಓಗೊಡುತ್ತಿದ್ದರು.

ನಾನು ಗುತ್ತಿಗೆಯ ಮೇಲೆ ಸೇರಿದಾಗ ನಮ್ಮ ತಂದೆ ಹಾಸಿಗೆ ಹಿಡಿದಿದ್ದರು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದಲೇ. ನಾನು ಯಾರಿಗೂ ಹೇಳದಿದ್ದರೂ ಅತ್ತೆಯವರಿಗೆ ಹೇಗೋ ತಿಳಿಯಿತು. ತಂದೆಯವರನ್ನು ಚಿಕಿತ್ಸೆಗೆ ಕರೆದೊಯ್ಯುವ ದಿನಗಳಲ್ಲಿ, “ಕೆಲಸ ಅರ್ಧ ಮಾಡಿಟ್ಟಿದ್ದೀಯ” ಎಂದು ಗದರಿ ನನ್ನನ್ನು ಬೇಗ ಕಳಿಸಿ, ಉಳಿದರ್ಧವನ್ನು ತಾವೇ ಮುಗಿಸುತ್ತಿದ್ದರು.

ಒಂದು ಬೆಳಿಗ್ಗೆ ರಕ್ತನಿಧಿಯ ಡೇಟಾಬೇಸು ಹೊಸ ಸಂಪರ್ಕಗಳನ್ನು ನಿರಾಕರಿಸತೊಡಗಿತು. ಯಂತ್ರದ ಲೆಕ್ಕದಲ್ಲಿ ಪ್ರತಿ ಸಂಪರ್ಕವೂ ಒಂದು ಕಡತವೇ; ತೆರೆದ ಕಡತಗಳು ಮಿತಿ ಮೀರಿವೆ ಎಂಬುದು ಅದರ ದೂರು. ಹಿಂದಿನ ದಿನವಷ್ಟೇ ನನ್ನ ವರದಿ ಪ್ರೋಗ್ರಾಮು ಚಾಲನೆಗೆ ಬಂದಿತ್ತು. ಅದನ್ನು ನಿಲ್ಲಿಸಿದೊಡನೆ ಡೇಟಾಬೇಸು ಸುಧಾರಿಸಿಕೊಂಡಿತು. ಇನ್ನೇನು ಸಾಕ್ಷಿ ಬೇಕು? ಮುಖ್ಯಸ್ಥರು, “ಸಂಜೆಯೊಳಗೆ ಈ ಹುಡುಗಿ ಗುತ್ತಿಗೆ ಮುಗಿಸಿಬಿಡಿ” ಎಂದರು. ಮನೆಗೆ ಹೋಗಿ ಏನು ಹೇಳಲಿ ಎಂಬುದೊಂದೇ ನನ್ನ ಚಿಂತೆ.

ಅತ್ತೆಯವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಈ ಪ್ರೋಗ್ರಾಮು ಬರುವುದೆಂದೇ ಕಡತಗಳ ಮಿತಿಯನ್ನು ಅವರೇ ಸಾಕಷ್ಟು ಹೆಚ್ಚಿಸಿದ್ದರು. ಡೇಟಾಬೇಸಿನ ಖಾತೆಯಲ್ಲಿ ಲಾಗಿನ್ ಆಗಿ ನೋಡಿದರೆ ಈಗಲೂ ದೊಡ್ಡ ಸಂಖ್ಯೆಯೇ ಕಾಣುತ್ತಿತ್ತು. “ನಮ್ಮ ಲಾಗಿನ್ ಹೇಳೋದು ಬೇಡ, ಓಡ್ತಿರೋ ಡೇಟಾಬೇಸನ್ನೇ ಕೇಳೋಣ” ಎಂದು ಅದರ ಚಾಲ್ತಿ ಮಿತಿಯನ್ನು ತೆರೆದರು. ಅಲ್ಲಿ ಹಳೆಯ ಸಣ್ಣ ಸಂಖ್ಯೆಯೇ ಕೂತಿತ್ತು! ಅವರು ತಿದ್ದಿದ್ದ ಮಿತಿ ಅನ್ವಯಿಸುವುದು ಲಾಗಿನ್ ಆಗಿ ಬರುವವರಿಗೆ. ಯಂತ್ರ ಶುರುವಾದಾಗ ತಾನಾಗಿ ಏಳುವ ಡೇಟಾಬೇಸು ಆ ಬಾಗಿಲಲ್ಲಿ ಬರುವುದೇ ಇಲ್ಲ; ಅದಕ್ಕೆ ಬೇರೆ ಕಡೆ ಬರೆಯಬೇಕು.

ಇದನ್ನು ಕಂಡವರು ನಾವಿಬ್ಬರೇ. ಮುಂದಿನ ಮುಖ್ಯಸ್ಥರ ಆಯ್ಕೆ ಅದೇ ತಿಂಗಳಿತ್ತು. ಆ ಹುದ್ದೆ ಅತ್ತೆಯವರಿಗೇ ಎಂದು ಎಲ್ಲರೂ ನಂಬಿದ್ದರು. ಸದ್ದಿಲ್ಲದೆ ಸರಿಪಡಿಸಿ ಕೂರಬಹುದಿತ್ತು. ಅವರು ನೆಟ್ಟಗೆ ಮುಖ್ಯಸ್ಥರ ಕೋಣೆಗೆ ನಡೆದರು.

“ತಪ್ಪು ಈ ಹುಡುಗೀದಲ್ಲ ಸರ್, ನಂದು. ಮಿತಿ ಹೆಚ್ಚಿಸ್ದೆ, ಸರಿಯಾಗಿ ಪರೀಕ್ಷೆ ಮಾಡ್ಲಿಲ್ಲ.”

“ವರದೀಲಿ ಹೀಗೇ ಬರೀಬೇಕಾಗುತ್ತೆ. ಯೋಚನೆ ಮಾಡಿ.”

“ಬರೀರಿ ಸರ್.”

ಆಮೇಲೆ ರಕ್ತನಿಧಿಗೆ ಫೋನು ಮಾಡಿ, ತುರ್ತು ಬೇಡಿಕೆ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡು, ಡೇಟಾಬೇಸು ಏಳುವ ಸೇವೆಯ ಸೆಟ್ಟಿಂಗಿನಲ್ಲಿಯೇ ಹೊಸ ಮಿತಿ ಬರೆದು ಮರುಚಾಲನೆ ಮಾಡಿದರು. ಓಡತೊಡಗಿದ ಡೇಟಾಬೇಸನ್ನು ಮತ್ತೊಮ್ಮೆ ಕೇಳಿ ನೋಡಿದರು. ಬಳಿಕ ನನ್ನ ಪ್ರೋಗ್ರಾಮನ್ನು ನನ್ನ ಕೈಯಲ್ಲೇ ಶುರು ಮಾಡಿಸಿದರು. ಅದು ಸಲೀಸಾಗಿ ಓಡಿತು. ನಾನು ಶೌಚಾಲಯಕ್ಕೆ ಹೋಗಿ ಮನಸಾರೆ ಅತ್ತುಬಿಟ್ಟೆ.

ಮುಖ್ಯಸ್ಥರ ಹುದ್ದೆ ಹೊರಗಿನವರ ಪಾಲಾಯಿತು. ಅತ್ತೆಯವರು ನನ್ನನ್ನು ಗದರುವುದನ್ನು ಮಾತ್ರ ಬಿಡಲಿಲ್ಲ. ನನ್ನ ಕೆಲಸ ಕಾಯಂ ಆಗಿ, ವರ್ಷಗಳ ಮೇಲೆ ಆ ಕುರ್ಚಿ ನನಗೇ ಬಂತು. ಹಾಗಾಗಿ ಕಳೆದ ವಾರ ಅವರ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಬೇಕಾದವಳು ನಾನೇ. ತಡೆಯಲಾರದೆ ಕೇಳಿಬಿಟ್ಟೆ: “ಅವತ್ತು ನೀವು ಸುಮ್ನಿದ್ದಿದ್ರೆ?”

“ಸುಮ್ನಿದ್ದಿದ್ರೆ ನೀನು ಮನೆಗೆ ಹೋಗಿರ್ತಿದ್ದೆ, ತೊಂದರೆ ಇಲ್ಲೇ ಉಳೀತಿತ್ತು. ಸಹಿ ಹಾಕಮ್ಮ, ನಂಗೆ ಬಸ್ಸಿದೆ.”

ಅತ್ತೆಯವರು ಆರೋಗ್ಯದಿಂದ ಬಹುಕಾಲ ಬಾಳಲಿ. ಬರಲಿರುವ ಹೊಸ ಸರ್ವರಿನಲ್ಲಿ ತಪ್ಪು ಹುಡುಕಲು ಬರುತ್ತೇನೆಂದು ಮಾತು ಕೊಟ್ಟಿದ್ದಾರೆ, ತಪ್ಪದೆ ಬರಲಿ. ಅವರದಾಗಬೇಕಿದ್ದ ಕುರ್ಚಿಯಲ್ಲಿ ನಾನು ಕೂತಿರುತ್ತೇನೆ. ಅವರು ಒಳಗೆ ಕಾಲಿಟ್ಟಾಗಲೆಲ್ಲ ಎದ್ದು ನಿಲ್ಲುತ್ತೇನೆ.