ಎಲ್ಲೂ ಇಲ್ಲದ ಒಂಬತ್ತು ಗುಂಟೆ

ತಿಪಟೂರಿನಲ್ಲಿ ಕಂಪ್ಯೂಟರ್ ನಕ್ಷೆ ಮಾಡಿಕೊಡುವವನು ನಾನು. ಜನ ನನ್ನನ್ನು ತಿಳಿದವನೆಂದು ನಂಬಿದ್ದಾರೆ. ನಿಜ ಹೇಳುತ್ತೇನೆ, ಹೊಸ ಕಡತ ತೆರೆದಾಗಲೆಲ್ಲ ಆ ಹಾಳು ತಂತ್ರಾಂಶ ‘ಯಾವ ಪ್ರೊಜೆಕ್ಷನ್?’ ಎಂದು ಕೇಳಿ ಮಾರುದ್ದದ ಪಟ್ಟಿ ಮುಂದಿಟ್ಟರೆ ನನಗೆ ತಲೆ ಕೆಡುತ್ತದೆ. ಹೋಟೆಲಿನವನು ತಿಂಡಿಗಳ ಹೆಸರು ಒಂದೇ ಉಸಿರಿಗೆ ಒದರಿದಾಗ ಮಾಡುವಂತೆ ಇಲ್ಲೂ ಗುರುತಿನದನ್ನೇ ಹಿಡಿದುಬಿಡುತ್ತೇನೆ.

ಗುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವ ವಿಧಾನಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ತೆಂಗಿನ ಕರಟವನ್ನು ಮಣೆಯ ಮೇಲೆ ಚಪ್ಪಟೆಯಾಗಿ ಹಾಸಲು ಹೋಗಿ ನೋಡಿ, ಕಷ್ಟ ಗೊತ್ತಾಗುತ್ತದೆ. ಒಂದು ವಿಧಾನ ಆಕಾರ ಉಳಿಸಿ ಅಳತೆ ಕೆಡಿಸುತ್ತದೆ, ಇನ್ನೊಂದು ಅಳತೆ ಉಳಿಸಿ ಆಕಾರ ಸೊಟ್ಟ ಮಾಡುತ್ತದೆ. ಎರಡನ್ನೂ ಪೂರ್ತಿ ಉಳಿಸುವಂಥದ್ದು ಇಲ್ಲವೇ ಇಲ್ಲವಂತೆ. ಅಷ್ಟೆಲ್ಲ ಓದಿಕೊಂಡವರಿಗೆ ಇದೊಂದು ಕೈಲಾಗಲಿಲ್ಲವೇ ಎಂದು ಮೈಯೆಲ್ಲ ಉರಿಯುತ್ತದೆ.

ಅರಳಗುಪ್ಪೆಯ ನಮ್ಮ ದೊಡ್ಡಮ್ಮನ ಮಕ್ಕಳು, ಶಿವಣ್ಣ ಮತ್ತು ಮಹೇಶ, ತೆಂಗಿನ ತೋಟ ಭಾಗ ಮಾಡಿಕೊಳ್ಳಲು ಹೊರಟರು. ಕಾಗದದಲ್ಲಿ ನಾಲ್ಕು ಎಕರೆ. ನಾನು ಬದುವಿನುದ್ದಕ್ಕೂ ಜಿಪಿಎಸ್ ಹಿಡಿದು ನಡೆದೆ. ಫೋನಿನ ನಕ್ಷೆಗಳಲ್ಲಿರುವ ಪ್ರೊಜೆಕ್ಷನ್ನನ್ನೇ ಆರಿಸಿ ಲೆಕ್ಕ ಹಾಕಿದರೆ ನಾಲ್ಕು ಎಕರೆ ಒಂಬತ್ತು ಗುಂಟೆ ಬಂತು. ಹೆಮ್ಮೆಯಿಂದ ಹೇಳಿಯೂ ಬಂದೆ.

ಹೆಚ್ಚಿನ ಒಂಬತ್ತು ಗುಂಟೆ ಯಾರಿಗೆ? ಗೊಬ್ಬರ ಹಾಕಿದ್ದು ತಾನೆಂದು ಶಿವಣ್ಣ, ಮೋಟರು ಕೂರಿಸಿದ್ದು ತಾನೆಂದು ಮಹೇಶ. ಮೂರನೇ ದಿನಕ್ಕೆ ಮಾತು ನಿಂತಿತು, ವಾರಕ್ಕೆ ಒಲೆ ಬೇರೆಯಾಯಿತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು! ಸುದ್ದಿ ನನ್ನ ಕಿವಿಗೂ ಬಿತ್ತು.

ಗಾಬರಿಯಿಂದ ಮತ್ತೆ ಆ ಪಟ್ಟಿ ತೆರೆದು, ಈ ಸಲ ಓದಿದೆ. ನಾನು ಆರಿಸಿದ್ದು ದಾರಿ ತೋರಿಸಲು ಸರಿ, ನೆಲ ಅಳೆಯಲು ಅಲ್ಲ. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಅದು ನೆಲವನ್ನು ಉಬ್ಬಿಸುತ್ತದೆ. ನಮ್ಮ ಸೀಮೆಯ ವಲಯಕ್ಕೆಂದೇ ಇರುವ ಪ್ರೊಜೆಕ್ಷನ್ ಹಾಕಿ ಮತ್ತೆ ಲೆಕ್ಕ ಮಾಡಿದೆ. ನಾಲ್ಕೇ ಎಕರೆ.

ಖುಷಿಪಡುತ್ತಾರೆಂದು ಓಡಿಹೋಗಿ ಹೇಳಿದೆ.

“ಒಂಬತ್ತು ಗುಂಟೆ ಏನ್ಲಾ ಮಾಡ್ದೆ?” ಎಂದ ಶಿವಣ್ಣ.

“ಹೂಂ ಕಣಣ್ಣ, ಇವ್ನೇ ಏನೋ ಮಾಡವ್ನೆ,” ಎಂದ ಮಹೇಶ. ವಾರದ ಮೇಲೆ ಅವನು ಅಣ್ಣನ ಜೊತೆ ಆಡಿದ ಮೊದಲ ಮಾತು ಅದು.

ಕರಟ, ಭೂಮಿ ಎಂದೆಲ್ಲ ವಿವರಿಸಿ ಬೆವರಿದೆ. ಕಾಯಿ ತುರಿಯುತ್ತಿದ್ದ ದೊಡ್ಡಮ್ಮ ತಲೆಯೆತ್ತಿ, “ಆ ಒಂಬತ್ತು ಗುಂಟೇಲಿ ಎಷ್ಟು ಮರ ಅವ್ಲಾ?” ಎಂದು ಕೇಳಿದಳು.

“ಒಂದೂ ಇಲ್ಲ ದೊಡ್ಡಮ್ಮ.”

“ಹಂಗಾದ್ರೆ ಅದನ್ನ ನೀನೇ ಇಟ್ಕಳಪ್ಪ. ಇವ್ರಿಗೆ ನಾನು ಮರ ಎಣಿಸಿ ಕೊಡ್ತೀನಿ.”

ಸಾಲು ಹಿಡಿದು ಮರ ಎಣಿಸಿಯೇ ಭಾಗವಾಯಿತು. ಒಲೆ ಮತ್ತೆ ಒಂದಾಗಲಿಲ್ಲ, ಆದರೆ ಸಾರಿನ ಪಾತ್ರೆ ಎರಡೂ ಕಡೆ ಓಡಾಡುತ್ತಿದೆ. ನಾನು ಹೋದಾಗಲೆಲ್ಲ ಇಬ್ಬರೂ ಜಗಲಿಯಿಂದಲೇ, “ಬಾರಪ್ಪ, ಒಂಬತ್ತು ಗುಂಟೆ ಸಾಹುಕಾರ!” ಎಂದು ಕೂಗುತ್ತಾರೆ. ಕೋಪ ನೆತ್ತಿಗೇರುತ್ತದೆ. ಆದರೆ ಅಣ್ಣತಮ್ಮಂದಿರು ಒಟ್ಟಿಗೆ ನಗುವುದನ್ನು ಕಂಡು, ಆ ನೆಲ ನನ್ನ ಹೆಸರಿನಲ್ಲೇ ಇರಲಿ ಎಂದು ಸುಮ್ಮನಾಗುತ್ತೇನೆ.