ಪುರಾವೆಯಪ್ಪನ ಮಡಚುವ ದೋಣಿ

ದಾಖಲೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಗಿರಿ ಮಾಡಿ ನಿವೃತ್ತನಾದ ಆ ಮನುಷ್ಯನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಪುರಾವೆಯಪ್ಪ. ಎದುರಿಗೆ ನಿಂತವನು ಬದುಕಿದ್ದಾನೆ ಎಂಬುದಕ್ಕೂ ಆತ ಕಾಗದ ಕೇಳುತ್ತಿದ್ದ. ಕಾಗದ ತಂದರೆ ಅದರ ನಕಲು ಕೇಳುತ್ತಿದ್ದ. ಇಂಥವನ ಕೈಗೆ ಗುಜರಿ ಅಂಗಡಿಯಲ್ಲಿ ಹೆಸರು, ಕುಲ ಒಂದೂ ಇಲ್ಲದ ಎರಡು ಉದ್ದನೆಯ ಚೀಲಗಳು ಸಿಕ್ಕವು. ವಿಧಿಗೂ ತಮಾಷೆ ಬೇಕಲ್ಲ.

ಒಂದರಲ್ಲಿ ಮರದ ಕೋಲುಗಳು, ಪಕ್ಕೆಲುಬಿನಂಥ ಚೌಕಟ್ಟುಗಳು, ಹಿತ್ತಾಳೆ ಕೊಂಡಿಗಳು. ಇನ್ನೊಂದರಲ್ಲಿ ತಳಕ್ಕೆ ರಬ್ಬರು ಬಳಿದ ದಪ್ಪ ಬಟ್ಟೆ. ಗುಜರಿಯವನು ಡೇರೆ ಅಂದ. ಪಕ್ಕದ ಮನೆಯಾತ ಹೆಣ ಸಾಗಿಸುವ ಸ್ಟ್ರೆಚರ್ ಎಂದು ಹೇಳಿ ಎರಡು ಹೆಜ್ಜೆ ದೂರ ನಿಂತ. ಮನೆಯ ಮುಂದಿನ ಕೋಣೆಯಲ್ಲಿ ಕಾರುಗಳಿಗೆ ಸೀಟ್ ಕವರ್ ಹೊಲಿಯುವ ಹೆಂಡತಿ ಮಾತ್ರ ಆ ಬಟ್ಟೆಯ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದಳು.

"ಇದು ದೋಣಿ ಕಣ್ರೀ, ಮಡಚೋ ದೋಣಿ. ನೀರು ಬರದ ಹಾಗೆ ಹೊಲಿಗೆ ಮೇಲೆ ಪಟ್ಟಿ ಅಂಟಿಸಿದ್ದಾರೆ ನೋಡಿ. ಎರಡು ಸೀಟಿದೆ. ನಾವಿಬ್ರೂ ಕೆರೇಲಿ ಒಂದು ಸುತ್ತು ಹಾಕ್ಬಹುದು!"

ಆಕೆಯ ಅಪ್ಪ ನದಿ ದಾಟಿಸುವ ದೋಣಿ ನಡೆಸುತ್ತಿದ್ದವನು. ಮದುವೆಯಾಗಿ ಬಂದ ಮೇಲೆ ಆಕೆ ಹುಟ್ಟು ಮುಟ್ಟಿದ್ದೇ ಇಲ್ಲ.

"ಮೊದ್ಲು ಯಾವ ಕಂಪನಿದು, ಯಾವ ವರ್ಷದ್ದು ಅಂತ ಗೊತ್ತಾಗ್ಲಿ," ಅಂದ ಪುರಾವೆಯಪ್ಪ.

ಗೊತ್ತಾಗಲಿ ಎನ್ನುವುದರಲ್ಲೇ ಮೂರು ವರ್ಷ ಹೋಯಿತು. ಕಡತ ಬಿಚ್ಚುವ ಮೊದಲು ಧೂಳು ಕೊಡವಬೇಕೆಂಬುದು ಆತ ಕಚೇರಿಯಲ್ಲಿ ಕಲಿತ ಮೊದಲ ಪಾಠ. ಅದರಂತೆ ಪಕ್ಕೆಗಳನ್ನೆಲ್ಲ ಸ್ಯಾಂಡ್‌ಪೇಪರಿನಿಂದ ಉಜ್ಜಿ ವಾರ್ನಿಶ್ ಹೊಡೆದ. ಒಂದು ಪಕ್ಕೆಯ ಮೇಲೆ ಕರಿ ಕಲೆಯೊಂದು ಹಟ ಹಿಡಿದು ಕೂತಿತ್ತು. ಅದನ್ನಂತೂ ಎರಡು ದಿನ ತಿಕ್ಕಿ ತೆಗೆದ. ಆಮೇಲೆ ಹಳೆಯ ದೋಣಿಗಳ ಅಭಿಮಾನಿ ಸಂಘಕ್ಕೆ ಫೋಟೋ ಕಳಿಸಿದ. ಸಂಘದಲ್ಲಿ ಹನ್ನೊಂದು ಜನ, ಅಭಿಪ್ರಾಯ ಹದಿನಾಲ್ಕು. ಒಬ್ಬ ಸ್ಕ್ರೂ ನೋಡಿ ವರ್ಷ ಹೇಳಿದರೆ, ಇನ್ನೊಬ್ಬ ಸ್ಕ್ರೂ ಸುಳ್ಳು, ಕೊಂಡಿಯೇ ಸತ್ಯ ಅಂದ. ಪುರಾವೆಯಪ್ಪ ಎಲ್ಲವನ್ನೂ ಆರು ಕಡತಗಳಲ್ಲಿ ಪೋಣಿಸಿಟ್ಟ.

ಅಷ್ಟರಲ್ಲಿ ಹೆಂಡತಿ, ಸೀಟ್ ಕವರುಗಳ ನಡುವೆ ಬಿಡುವು ಮಾಡಿಕೊಂಡು, ಹರಿದ ಬಟ್ಟೆಗೆ ತೇಪೆ ಹಾಕಿ, ಹೊಲಿಗೆ ಬಿಗಿದು, ಅಂಟು ಬಳಿದು ದೋಣಿಯನ್ನು ಸಜ್ಜು ಮಾಡಿಬಿಟ್ಟಳು. ಅದಕ್ಕವಳಿಗೆ ಬೇಕಾದದ್ದು ಮೂರೇ ವಾರ.

"ಹಳೇ ದಾರ ಬಿಚ್ಚಿದ್ಯಾ? ಅದನ್ನ ನೋಡಿ ವರ್ಷ ಹೇಳ್ಬಹುದಿತ್ತು ಕಣೇ!"

"ಆ ದಾರ ನಂಬ್ಕೊಂಡು ನೀರಿಗಿಳಿದಿದ್ರೆ ನಮ್ಮಿಬ್ರ ವರ್ಷ ಬರೀತಿದ್ರು, ತಾರೀಖು ಸಮೇತ."

ನಿಜವಾದ ಸಂಗತಿ ಬೇರೆಯೇ ಇತ್ತು. ಪುರಾವೆಯಪ್ಪನಿಗೆ ನೀರೆಂದರೆ ಜೀವಭಯ. ದೋಣಿಯವನ ಮಗಳ ಮುಂದೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವನು ನೆಲದ ಸರ್ವೆ ನಂಬರನ್ನೇ ಕೇಳುತ್ತಾ ಕೂತ.

ಹೀಗಿರುವಾಗ ಕೆರೆಯ ದಂಡೆಯಲ್ಲಿ ಬೋರ್ಡು ಬಿತ್ತು. ಭಾನುವಾರ ಸಂಜೆ ಐದಕ್ಕೆ ತೂಬು ತೆಗೆದು ಕೆರೆ ಬರಿದು ಮಾಡುತ್ತಾರೆ; ಹೂಳೆತ್ತಿ ಎರಡು ವರ್ಷದಲ್ಲಿ ಮತ್ತೆ ನೀರು ತುಂಬುತ್ತಾರೆ. ಬೋರ್ಡು ಹಾಕಿದವರನ್ನು ಬಲ್ಲ ಜನ ಹತ್ತು ವರ್ಷ ಎಂದು ಓದಿಕೊಂಡರು.

"ಭಾನುವಾರ ಇಳಿಸ್ಲೇಬೇಕು ಕಣ್ರೀ. ಆಮೇಲೆ ಕೆಸರಲ್ಲಿ ಹುಟ್ಟು ಹಾಕ್ಲಾ?"

"ಅವತ್ತೇ ಸಂಘದ ಪರೀಕ್ಷಕರು ಬರ್ತಾರೆ. ಸರ್ಟಿಫಿಕೇಟ್ ಸಿಗೋವರೆಗೂ ಒದ್ದೆ ಆಗ್ಬಾರ್ದು."

ಪರೀಕ್ಷಕ ಬಂದದ್ದು ಮಧ್ಯಾಹ್ನ ಮೂರಕ್ಕೆ. ಭೂತಗನ್ನಡಿ ಹಿಡಿದು, ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಮಲಗಿ, ದೋಣಿಯೊಳಗೆ ತಲೆ ತೂರಿಸಿದ.

"ನಾಲ್ಕನೇ ಪಕ್ಕೆ ಮೇಲೆ ಕಂಪನಿ ಮುದ್ರೆ, ನಂಬರ್ ಇರುತ್ತೆ. ಬರೆ ಹಾಕಿ ಒತ್ತಿರ್ತಾರೆ. ಎಲ್ಲಿ?"

"ಕಪ್ಪಗಿರುತ್ತಾ ಸಾರ್?"

"ಹೌದು."

"ಉಜ್ಜಿಬಿಟ್ಟೆ."

ಪರೀಕ್ಷಕ ಎದ್ದು ಮಂಡಿ ಕೊಡವಿಕೊಂಡ. "ಮುದ್ರೆ ಇಲ್ದೆ ಇದು ದೋಣಿ ಅಂತ ಕೂಡ ನಾವು ಬರೆದುಕೊಡಕ್ಕಾಗಲ್ಲ." ಮೂವತ್ತೊಂದು ವರ್ಷ ತಾನು ಊರಿಗೆಲ್ಲ ಹೇಳಿದ ಮಾತು ತನ್ನ ಕಿವಿಗೇ ಬಿದ್ದಾಗ ಪುರಾವೆಯಪ್ಪನಿಗೆ ಅಳುವೇ ಬಂತು.

"ಸರಿ, ದೋಣಿ ಅಲ್ಲ ಅಂತಾಯ್ತು. ನೆಂದ್ರೆ ಯಾರಿಗೂ ಬೇಜಾರಿಲ್ಲ," ಅಂದಳು ಹೆಂಡತಿ. "ಸಾರ್, ನೀವು ಆ ತುದಿ ಹಿಡ್ಕೊಳ್ಳಿ."

ಎರಡು ಬೀದಿ ದಾಟಿ ಕೆರೆಗೆ ಹೊತ್ತು ತಂದು ಇಳಿಸಿದ್ದೇ ತಡ, ಪರೀಕ್ಷಕ ಕೈ ಒರೆಸಿಕೊಂಡು ಜಾಗ ಖಾಲಿ ಮಾಡಿದ. ಪುರಾವೆಯಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಮೊದ್ಲು ನೀನು ಹೋಗು. ಸೋರುತ್ತಾ ನೋಡ್ಕೊಂಡು ಬಾ."

ಆಕೆ ಅವನ ಮುಖವನ್ನೊಮ್ಮೆ ನೋಡಿ, ಹಿಂದಿನ ಸೀಟಿನಲ್ಲಿ ಕೂತು ಹುಟ್ಟಿನಿಂದ ದಂಡೆಯನ್ನು ನೂಕಿದಳು. ತೊಟ್ಟು ನೀರೂ ಒಳಗೆ ಬರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಗೂನಾಗಿದ್ದ ಬೆನ್ನು ನಾಲ್ಕು ಸಲ ಹುಟ್ಟು ಹಾಕುವಷ್ಟರಲ್ಲಿ ನೆಟ್ಟಗಾಯಿತು. ಅದನ್ನು ನೋಡಿ ಪುರಾವೆಯಪ್ಪನಿಗೆ ಹೆಮ್ಮೆಯಾಯಿತು.

ಕೆರೆಯ ಕಾವಲುಗಾರ ಪಕ್ಕ ಬಂದು ನಿಂತ. "ಇನ್ನು ಹತ್ತು ನಿಮಿಷ ಅಷ್ಟೇ ಸಾರ್, ತೂಬಿನ ಹತ್ರ ಜನ ಬಂದಾಯ್ತು. ಮುಂದಿನ ಸೀಟು ಖಾಲಿ ಇದೆಯಲ್ಲ, ನೀವ್ಯಾಕೆ ಹತ್ತಲಿಲ್ಲ?"

ಆರು ಕಡತಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಭಯ," ಅಂದ.

ನೀರಿನ ಮೇಲೆ ಮಾತು ಬಲು ದೂರ ಹೋಗುತ್ತದೆ. ಆಕೆ ದೋಣಿ ತಿರುಗಿಸಿ ದಂಡೆಯ ಹತ್ತಿರ ಬಂದು ನಿಲ್ಲಿಸಿದಳು.

"ನೀರು ಕಂಡ್ರೆ ಭಯಾನಾ?"

"ಹೂಂ."

"ಮೊದಲಿಂದಾನೂ?"

"ಹೂಂ."

ಆಕೆ ತೂಬಿನ ಕಡೆ ನೋಡಿದಳು, ಆಮೇಲೆ ಗಂಡನ ಕಡೆ.

"ಅಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತೇನ್ರೀ? ಅವತ್ತೇ ಹೇಳಿದ್ರೆ ದಿನಾ ನಾನೊಬ್ಳೇ ಬರ್ತಿದ್ನಲ್ಲ!"